ಮುಳ್ಳು ಮೇಲೇರಿದಾಗ ಸುಮ್ಮನಿರಬೇಡಿ!

ಒಲೆಯ ಮೇಲೆ ಕುಕ್ಕರ್ ಇಟ್ಟು ನಾವು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರೂ ನಮ್ಮ ಕಿವಿ ಮಾತ್ರ ಅಡಿಗೆಮನೆಯಲ್ಲೇ ಇರುತ್ತದೆ, ಅಲ್ಲವೇ? ಸೀಟಿ ಕೂಗದೆ ಬರೀ ಬುಸ್ಸೆಂದು ಆವಿ ಸೋರಿದರೆ, ‘ಗ್ಯಾಸ್ಕೆಟ್ ಸಡಿಲವಾಗಿದೆ’ ಎಂದು ನೋಡದೆಯೇ ಹೇಳಿಬಿಡುತ್ತೇವೆ. ನೀರು ಸಾಲದೆ ಬೇಳೆ ತಳ ಹಿಡಿಯುವ ಮುಂಚೆಯೇ ಮೂಗಿಗೆ ಗೊತ್ತಾಗುತ್ತದೆ. ಇಷ್ಟೆಲ್ಲಾ ಬಲ್ಲ ನಾವು ಕಾರಿನಲ್ಲಿ ಕೂತ ಕೂಡಲೇ, ‘ಇದೆಲ್ಲಾ ಗಂಡಸರ ಬಾಬತ್ತು’ ಎಂದು ಕೈಕಟ್ಟಿ ಕೂತುಬಿಡುತ್ತೇವೆ. ನಾನೂ ಹಾಗೇ ಕೂತಿದ್ದೆ. ಹಾಗೆ ಕೂತದ್ದಕ್ಕೆ ಏನಾಯಿತು ಅಂತ ಕೇಳಿ.

2023ರ ಏಪ್ರಿಲ್ ತಿಂಗಳು. ಮಗಳಿಗೆ ರಜೆ ಬಂದಿತ್ತು. ಅರಸೀಕೆರೆ ಕಡೆಯವರು ನಾವು. ನಮ್ಮ ಹಳೇ ಕಾರಿನಲ್ಲಿ ಯಜಮಾನರು, ಅತ್ತೆಯವರು, ಮೈದುನ, ಮಗಳು ಮತ್ತು ನಾನು ಧರ್ಮಸ್ಥಳಕ್ಕೆ ಹೋಗಿದ್ದೆವು. ದೇವರ ದರ್ಶನ ಸಾಂಗವಾಗಿ ಆಯಿತು. ಮಧ್ಯಾಹ್ನ ಪ್ರಸಾದದ ಊಟ ಮುಗಿಸಿ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತತೊಡಗಿದೆವು. ಸುಡು ಬಿಸಿಲು, ಐದು ಜನ, ಮೇಲೆ ಸಾಮಾನು. ಎ.ಸಿ. ಜೋರಾಗಿ ಓಡುತ್ತಿತ್ತು. ಯಜಮಾನರ ಪಕ್ಕದಲ್ಲಿ ಕೂತಿದ್ದ ನನ್ನ ಕಣ್ಣು ಆಗಾಗ ಮುಂದಿನ ಗಡಿಯಾರದಂಥ ಬಿಲ್ಲೆಯ ಮೇಲೆ ಬೀಳುತ್ತಿತ್ತು. ಯಾವಾಗಲೂ ನಡುಮಧ್ಯೆ ನಿಲ್ಲುವ ಮುಳ್ಳು ಅಂದು ಮೆಲ್ಲಗೆ ಮೇಲೇರುತ್ತಿತ್ತು. ಮೊದಲನೇ ತಿರುವಿನಲ್ಲಿ ಒಂದು ಕೂದಲೆಳೆಯಷ್ಟು. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಬೆರಳಗಲ.

ನಾನು ಕಂಡೆ. ಕಂಡೂ ಸುಮ್ಮನಿದ್ದೆ. ‘ನಿನಗೇನು ಗೊತ್ತಾಗುತ್ತೆ, ಸುಮ್ನಿರು’ ಅಂದುಬಿಟ್ಟರೆ ಎಲ್ಲರೆದುರು ಮುಖಭಂಗವಲ್ಲವೇ? ಘಾಟಿಯ ತಿರುವಿನ ಮೇಲೆಯೇ ಕಣ್ಣಿಟ್ಟಿದ್ದ ಅವರು ಮುಳ್ಳನ್ನು ನೋಡಲೇ ಇಲ್ಲ. ಎ.ಸಿ.ಯಿಂದ ತಣ್ಣನೆ ಗಾಳಿ ನಿಂತು ಬಿಸಿಗಾಳಿ ಬಂತು. ಬಾನೆಟ್ಟಿನ ಸಂದಿಯಿಂದ ಬೆಳ್ಳಗೆ ಹೊಗೆಯಂತೆ ಆವಿ ಎದ್ದಿತು. ಕಾರು ನಿಂತಿತು.

ಮೈದುನ ಇಳಿದವನೇ ಬಾನೆಟ್ ಎತ್ತಿ, ಕರ್ಚೀಫು ಸುತ್ತಿದ ಕೈಯಿಂದ ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟ. ‘ಬೇಡ!’ ಅನ್ನುವಷ್ಟು ಹೊತ್ತೂ ಇರಲಿಲ್ಲ. ಕುದಿನೀರು ಕಾರಂಜಿಯಂತೆ ಚಿಮ್ಮಿ ಮೊಣಕೈವರೆಗೆ ಸುಟ್ಟಿತು. ಮುಖ ಉಳಿದದ್ದು ಮಂಜುನಾಥನ ದಯೆ. ಆ ಕಲೆ ಇಂದಿಗೂ ಅವನ ಕೈ ಮೇಲಿದೆ. ಇತ್ತ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಮಗಳ ಕಾಲೇಜು ಫೀಸಿಗೆಂದು ನಾನು ಚೀಟಿ ಹಾಕಿ ಕೂಡಿಟ್ಟಿದ್ದ ಹಣವೆಲ್ಲಾ ಆ ರಿಪೇರಿಗೆ ಹೋಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ನನ್ನ ಕಥೆ. ಆಮೇಲೆ ರಿಪೇರಿ ಮಾಡುವ ಹುಡುಗನ ಪಕ್ಕ ನಿಂತು ಒಂದೊಂದನ್ನೂ ಕೇಳಿ ತಿಳಿದೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವಳು. ನನಗೆ ಅರ್ಥವಾದದ್ದು ನಿಮಗೆ ಖಂಡಿತ ಆಗುತ್ತದೆ.

ಎಂಜಿನ್ನೂ ಒಂದು ಕುಕ್ಕರೇ!

ಪೆಟ್ರೋಲು, ಡೀಸೆಲ್ಲು ಉರಿದಾಗ ಹುಟ್ಟುವ ಶಾಖದಲ್ಲಿ ಬಹುಪಾಲು ಗಾಲಿ ತಿರುಗಿಸುವುದಕ್ಕೆ ಬರುವುದಿಲ್ಲ, ಬರೀ ಬಿಸಿಯಾಗಿ ಉಳಿಯುತ್ತದೆ. ಆ ಬಿಸಿಯನ್ನು ಹೊರಗೆ ಸಾಗಿಸಲು ಎಂಜಿನ್ನಿನ ಮೈಯೊಳಗಿನ ಓಣಿಗಳಲ್ಲಿ ನೀರು ಹರಿಯುತ್ತದೆ. ಬರೀ ನೀರಲ್ಲ, ಕೂಲೆಂಟ್ ಎಂಬ ದ್ರವ ಬೆರೆತ ನೀರು. ಒಂದು ಪಂಪು ಅದನ್ನು ತಳ್ಳುತ್ತದೆ. ಕಾರಿನ ಮೂತಿಯಲ್ಲಿರುವ ಜಾಲರಿಯಂಥ ರೇಡಿಯೇಟರಿನಲ್ಲಿ ಅದು ಗಾಳಿಗೆ ಆರುತ್ತದೆ. ನಾವು ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸುತ್ತೇವಲ್ಲ, ಅದೇ ಉಪಾಯ. ಕಾರು ನಿಂತಾಗ ಗಾಳಿ ಸಾಲದು, ಅದಕ್ಕೆ ಹಿಂದೆ ಒಂದು ಫ್ಯಾನು. ಎಂಜಿನ್ ತಣ್ಣಗಿರುವಾಗ ದಾರಿ ಮುಚ್ಚಿ, ಕಾದಾಗ ತೆರೆಯುವ ಬಾಗಿಲು ಒಂದಿದೆ. ಅದರ ಹೆಸರು ಥರ್ಮೋಸ್ಟಾಟ್.

ಈಗ ಮುಚ್ಚಳದ ಮಾತು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿ ಒತ್ತಡ ಇರುವುದರಿಂದ ಸುಮಾರು 120 ಡಿಗ್ರಿವರೆಗೆ ಕುದಿಯದೆ ತಡೆಯುತ್ತದೆ. ರೇಡಿಯೇಟರಿನ ಮುಚ್ಚಳವೂ ಹೆಚ್ಚುಕಡಿಮೆ ಕುಕ್ಕರಿನ ವೆಯ್ಟಿನಷ್ಟೇ ಒತ್ತಡ ಹಿಡಿಯುತ್ತದೆ. ಸೀಟಿ ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ನೀವು ತೆರೆಯುತ್ತೀರಾ? ಇಲ್ಲ ತಾನೆ? ತೆರೆದರೆ ಬೇಳೆ ಸೂರಿಗೆ ಹಾರುತ್ತದೆ. ನನ್ನ ಮೈದುನ ಮಾಡಿದ್ದು ಅದನ್ನೇ. ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂದಂತೆ.

ಅಂಗಳ ಮೊದಲೇ ಹೇಳಿತ್ತು

ಇನ್ನೊಂದು ಮಾತು ಹೇಳಲು ನನಗೆ ಈಗಲೂ ನಾಚಿಕೆ. ಆ ಪ್ರಯಾಣಕ್ಕೆ ಮೂರು ವಾರ ಮೊದಲಿನಿಂದಲೂ ಬೆಳಿಗ್ಗೆ ಅಂಗಳ ಸಾರಿಸುವಾಗ ಕಾರು ನಿಲ್ಲುವ ಜಾಗದಲ್ಲಿ ಹಸಿರು ಬಣ್ಣದ, ಸ್ವಲ್ಪ ಜಿಗುಟಾದ ಕಲೆ ಕಾಣುತ್ತಿತ್ತು. ನಾನು ನೀರು ಹಾಕಿ ಗುಡಿಸಿ, ಅದರ ಮೇಲೇ ರಂಗೋಲಿ ಎಳೆಯುತ್ತಿದ್ದೆ. ಅದೇ ಸೋರುತ್ತಿದ್ದ ಕೂಲೆಂಟು! ಮನೆಯಲ್ಲಿ ಅದನ್ನು ದಿನಾ ಕಂಡವಳು ನಾನೊಬ್ಬಳೇ, ಹೇಳದೇ ಇದ್ದವಳೂ ನಾನೇ.

ಆದ್ದರಿಂದ ಅಂಗಳದ ಕಲೆಗಳನ್ನು ಓದಲು ಕಲಿಯಿರಿ. ಬಣ್ಣವಿಲ್ಲದ, ವಾಸನೆಯಿಲ್ಲದ ಬರೀ ನೀರಾದರೆ ಹೆದರಬೇಕಿಲ್ಲ. ಎ.ಸಿ. ಓಡಿದಾಗ ಗಾಳಿಯ ತೇವ ನೀರಾಗಿ ಕೆಳಗೆ ತೊಟ್ಟಿಕ್ಕುವುದು ಸಹಜ. ತಣ್ಣನೆ ಹಾಲಿನ ಲೋಟ ಬೆವರುವುದಿಲ್ಲವೇ, ಹಾಗೆ. ಹಸಿರು, ಗುಲಾಬಿ, ಕಿತ್ತಳೆ ಇಂಥ ಬಣ್ಣವಿದ್ದು ಸಿಹಿವಾಸನೆ ಬಂದರೆ ಅದು ಕೂಲೆಂಟ್. ಕಪ್ಪಗೆ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್.

ಒಂದು ಎಚ್ಚರಿಕೆ ಮರೆಯಬೇಡಿ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿಗೆ ಸಿಹಿ, ಆದರೆ ವಿಷ. ಮಕ್ಕಳು, ನಾಯಿ, ಬೆಕ್ಕು ನೆಕ್ಕಿದರೆ ಪ್ರಾಣಕ್ಕೆ ಅಪಾಯ. ಕಲೆಯನ್ನು ತಕ್ಷಣ ತೊಳೆಯಿರಿ. ಉಳಿದ ಕೂಲೆಂಟನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿಡುವ ತಪ್ಪು ಮಾತ್ರ ಮಾಡಲೇಬೇಡಿ.

ಮುಳ್ಳು ಏರಿದರೆ ಏನು ಮಾಡಬೇಕು?

ಬಿಲ್ಲೆಯ ಒಂದು ತುದಿಯಲ್ಲಿ ‘ಸಿ’ ಎಂದಿದ್ದರೆ ತಣ್ಣಗೆ, ಇನ್ನೊಂದು ತುದಿಯಲ್ಲಿ ‘ಹೆಚ್’ ಎಂದಿದ್ದರೆ ಬಿಸಿ. ಈಚಿನ ಹಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ದೀಪ ಮಾತ್ರ. ಬೆಳಿಗ್ಗೆ ಹೊರಟಾಗ ನೀಲಿ ದೀಪ ಕಂಡರೆ ಎಂಜಿನ್ ಇನ್ನೂ ತಣ್ಣಗಿದೆ ಎಂದರ್ಥ. ಕೆಂಪು ದೀಪ ಬಂದರೆ ಅತಿಯಾಗಿ ಕಾದಿದೆ ಎಂದರ್ಥ.

ಮುಳ್ಳು ಮಧ್ಯದಿಂದ ಮೇಲೆ ಹೊರಟಿದ್ದು ಕಂಡರೆ ಮೊದಲು ಬಾಯಿ ಬಿಡಿ. ‘ರೀ, ಮುಳ್ಳು ಏರ್ತಾ ಇದೆ ನೋಡಿ’ ಅನ್ನಿ. ಕೂಡಲೇ ಎ.ಸಿ. ಆರಿಸಿ. ಎ.ಸಿ.ಯ ಭಾರವೂ ಎಂಜಿನ್ನಿನ ಮೇಲೇ ಬೀಳುತ್ತದೆ. ಆಮೇಲೆ ಕೇಳಿದರೆ ನಗು ಬರುವ ಉಪಾಯ ಒಂದಿದೆ. ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನು ಜೋರು ಮಾಡಿ. ಬೇಸಿಗೆಯಲ್ಲಿ ಹೀಟರೇ ಎಂದು ಅತ್ತೆಯವರು ಬಯ್ದಾರು. ಆದರೆ ಹೀಟರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಚಿಕ್ಕ ರೇಡಿಯೇಟರು, ಅಷ್ಟೆ. ಅದು ಎಂಜಿನ್ನಿನ ಶಾಖವನ್ನೇ ಎಳೆದು ನಮ್ಮ ಮೇಲೆ ಊದುತ್ತದೆ. ನಾವು ಬೆವರಿದಷ್ಟೂ ಎಂಜಿನ್ನಿಗೆ ತಂಪು. ಹತ್ತಿರದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವವರೆಗೆ ಇದು ಉಪಯೋಗಕ್ಕೆ ಬರುತ್ತದೆ.

ಮುಳ್ಳು ಕೆಂಪು ಗೆರೆ ಮುಟ್ಟಿತೇ, ಕೆಂಪು ದೀಪ ಬಂತೇ, ಆವಿ ಎದ್ದಿತೇ? ಆಗ ಈ ಉಪಾಯವೆಲ್ಲಾ ಬೇಡ. ‘ಇನ್ನೊಂದು ತಿರುವು, ಮೇಲೆ ಹೋಟೆಲಿದೆ’ ಎನ್ನುವ ಆಸೆಯೂ ಬೇಡ. ಅಂಚಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಆ ಒಂದು ತಿರುವಿನ ಆಸೆಯಲ್ಲೇ ನಮ್ಮ ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದು. ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ. ಆವಿ ನಿಂತ ಮೇಲೆ ಬಾನೆಟ್ ಎತ್ತಿ, ಕಡೇಪಕ್ಷ ಅರ್ಧ ಗಂಟೆ ಮುಟ್ಟದೆ ಬಿಡಿ. ಕಾಫಿ ಫ್ಲಾಸ್ಕು ತೆರೆಯುವುದಕ್ಕೆ ಅದೇ ಸಮಯ!

ಇವನ್ನು ಮಾಡಲೇಬೇಡಿ

ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನಾಗಲಿ, ಕೂಲೆಂಟ್ ಡಬ್ಬಿಯ ಮುಚ್ಚಳವನ್ನಾಗಲಿ ತಿರುಗಿಸಬೇಡಿ. ರಬ್ಬರಿನ ಕೊಳವೆ ಮುಟ್ಟಲು ಹಿತವಾಗುವಷ್ಟು ಆರಿದ ಮೇಲೆ, ದಪ್ಪ ಬಟ್ಟೆ ಹಾಕಿ, ಮುಖ ದೂರವಿಟ್ಟು, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು.

ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಲೋಹವೂ ಬಿರುಕು ಬಿಡುತ್ತದೆ.

ಸೆರಗು, ಜಡೆ, ಬಳೆ ಫ್ಯಾನಿನ ಹತ್ತಿರ ಸುಳಿಯದಿರಲಿ. ಹಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ಆ ಫ್ಯಾನು ತಾನಾಗಿ ತಿರುಗಲು ಶುರು ಮಾಡುತ್ತದೆ.

ಒಂದು ವೇಳೆ ಯಾರಿಗಾದರೂ ಸುಟ್ಟಿತೆನ್ನಿ. ಕೊಬ್ಬರಿ ಎಣ್ಣೆ, ತುಪ್ಪ, ಅರಿಶಿನ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಹಚ್ಚಬೇಡಿ. ತೆಂಗಿನ ಸೀಮೆಯವರಾದ ನಾವು ಮೊದಲು ಹುಡುಕಿದ್ದೇ ಕೊಬ್ಬರಿ ಎಣ್ಣೆ! ಆಸ್ಪತ್ರೆಯ ಡಾಕ್ಟರು, ‘20 ನಿಮಿಷ ತಣ್ಣೀರು ಹರಿಸಬೇಕಿತ್ತು, ಅದೇ ಮೊದಲ ಔಷಧ’ ಎಂದರು. ಉಂಗುರ, ಗಡಿಯಾರ ಇದ್ದರೆ ಊದುವ ಮುಂಚೆ ತೆಗೆಯಿರಿ. ಬೊಬ್ಬೆ ಒಡೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾಯಿಲೆ ಎಲ್ಲಿದೆ?

ಎಂಜಿನ್ ಯಾವಾಗ ಕಾಯುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಪೇಟೆಯಲ್ಲಿ, ರೈಲ್ವೆ ಗೇಟಿನಲ್ಲಿ ನಿಂತಾಗ ಮುಳ್ಳು ಏರಿ, ಓಡತೊಡಗಿದ ಮೇಲೆ ಇಳಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ನಿಂತಾಗ ಚೆನ್ನಾಗಿದ್ದು, ಹೆದ್ದಾರಿಯ ವೇಗದಲ್ಲೋ ಘಾಟಿಯಲ್ಲೋ ಕಾದರೆ ಕೂಲೆಂಟ್ ಕಡಿಮೆಯಾಗಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ಪಂಪು ಸೋತಿರಬಹುದು ಅಥವಾ ಥರ್ಮೋಸ್ಟಾಟ್ ತೆರೆಯದೆ ಕೂತಿರಬಹುದು. ಎಷ್ಟು ದೂರ ಓಡಿದರೂ ಮುಳ್ಳು ಮಧ್ಯಕ್ಕೇ ಬಾರದೆ, ಹೀಟರಿನಲ್ಲಿ ಬಿಸಿಯೂ ಬಾರದಿದ್ದರೆ ಅದೇ ಥರ್ಮೋಸ್ಟಾಟ್ ಮುಚ್ಚದೆ ಕೂತಿದೆ ಎನ್ನಬಹುದು.

ಮುಳ್ಳು ಮೇಲಿದ್ದೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಅದು ಕೆಟ್ಟ ಲಕ್ಷಣ. ಹೀಟರಿಗೆ ತಲುಪುವಷ್ಟು ನೀರೇ ಒಳಗಿಲ್ಲ ಎಂದು ಅನುಮಾನಿಸಿ ಕೂಡಲೇ ನಿಲ್ಲಿಸಬೇಕು. ಕೂಲೆಂಟ್ ಹೊರಗೆಲ್ಲೂ ಸೋರದೆ ಕಡಿಮೆಯಾಗುತ್ತಿದ್ದು, ಹಿಂದಿನ ಕೊಳವೆಯಿಂದ ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ, ಆಯಿಲು ಹಾಲು ಬೆರೆಸಿದ ಚಹಾದಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆಗ ಗಾಡಿ ಓಡಿಸದೆ ಎಳೆಸಿಕೊಂಡು ಹೋಗುವುದೇ ಲಾಭ.

ಕೊಳಾಯಿ ನೀರು ಬೇಡ

ನಮ್ಮ ಕಾರು ರಿಪೇರಿಯಾದಾಗ ರೇಡಿಯೇಟರಿನೊಳಗೆ ಬೆಳ್ಳಗೆ ಸುಣ್ಣದಂಥ ಪೊರೆ ಕಂಡಿತು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವುದೂ ಅದೇ. ಹಿಂದೆ ಯಾರೋ, ‘ನೀರು ತಾನೆ’ ಎಂದು ಕೊಳಾಯಿ ನೀರನ್ನೇ ತುಂಬುತ್ತಾ ಬಂದಿದ್ದರು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರುಗಳ ಡ್ರೈವರುಗಳು ಘಾಟಿಯಲ್ಲಿ ನೀರಿನ ಕ್ಯಾನು ಹಿಡಿದು ನಿಂತದ್ದನ್ನು ನಾವೆಲ್ಲಾ ಚಿಕ್ಕಂದಿನಲ್ಲಿ ನೋಡಿದ್ದೇವೆ. ಆ ಕಾಲದ ರೂಢಿ ಈಗಿನ ಅಲ್ಯುಮಿನಿಯಂ ಎಂಜಿನ್ನಿಗೆ, ರೇಡಿಯೇಟರಿಗೆ ಒಗ್ಗದು. ಕಾರಿನ ಪುಸ್ತಕದಲ್ಲಿ ಹೇಳಿದ ಬಗೆಯ ಕೂಲೆಂಟನ್ನೇ ಹಾಕಬೇಕು. ಗಟ್ಟಿ ಕೂಲೆಂಟಾದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಬಟ್ಟಿ ಇಳಿಸಿದ ನೀರು ಬೆರೆಸುತ್ತಾರೆ, ಬೆರೆಸಿಯೇ ಮಾರುವುದೂ ಸಿಗುತ್ತದೆ. ಅದು ತುಕ್ಕು ತಡೆಯುತ್ತದೆ, ಬೇಗ ಕುದಿಯಲು ಬಿಡುವುದಿಲ್ಲ. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ, ಎಂಜಿನ್ ಆರಿದ ಮೇಲೆ ಕುಡಿಯುವ ನೀರು ಹಾಕಿ ಗ್ಯಾರೇಜು ತಲುಪಿ, ಆಮೇಲೆ ಸರಿಪಡಿಸಿಕೊಂಡರಾಯಿತು.

ಎ.ಸಿ. ತಣ್ಣಗಾಗದಿದ್ದರೆ

ಕಾರಿನ ಎ.ಸಿ. ನಮ್ಮ ಮನೆಯ ಫ್ರಿಜ್ಜಿನ ತಂಗಿ. ಫ್ರಿಜ್ಜು ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ಎ.ಸಿ.ಯೂ ಕಾರಿನೊಳಗಿನ ಬಿಸಿಯನ್ನು ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಎಂಬ ಜಾಲರಿಯ ಮೂಲಕ ಹೊರಗೆ ಬಿಡುತ್ತದೆ. ಆ ಜಾಲರಿಗೆ ಧೂಳು, ಹುಳ, ಎಲೆ ಕಟ್ಟಿಕೊಂಡರೆ ಎ.ಸಿ.ಯೂ ಸೋಲುತ್ತದೆ, ಎಂಜಿನ್ನೂ ಕಾಯುತ್ತದೆ. ಎಂಜಿನ್ ತಣ್ಣಗಿರುವಾಗ ಮೆಲ್ಲಗೆ ನೀರು ಹಾಯಿಸಿ ತೊಳೆಯಬಹುದು. ಜೋರಾಗಿ ನೀರು ಹೊಡೆದರೆ ಅದರ ತೆಳು ರೆಕ್ಕೆಗಳು ಮಡಚಿಹೋಗುತ್ತವೆ.

ಗಾಳಿ ತಣ್ಣಗಿದ್ದೂ ಜೋರಿಲ್ಲವೇ? ಕ್ಯಾಬಿನ್ ಫಿಲ್ಟರ್ ನೋಡಿ. ಬಹಳ ಕಾರುಗಳಲ್ಲಿ ಎಡಗಡೆಯ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಹಿಟ್ಟಿನ ಜರಡಿ ಕಟ್ಟಿಕೊಂಡ ಹಾಗೆ ಧೂಳು ತುಂಬಿರುತ್ತದೆ. ನಾನೇ ತೆಗೆದು ಕೊಡವಿ ಹಾಕುತ್ತೇನೆ, ತೀರಾ ಕೆಟ್ಟರೆ ಹೊಸದು ಹಾಕುತ್ತೇನೆ. ಗಾಳಿ ಜೋರಾಗಿದ್ದು ತಣ್ಣಗಿಲ್ಲವೇ? ಗ್ಯಾಸ್ ಕಡಿಮೆಯಾಗಿರಬಹುದು. ಇಲ್ಲೊಂದು ಕಿವಿಮಾತು: ಅಡಿಗೆ ಗ್ಯಾಸಿನ ಹಾಗೆ ಎ.ಸಿ. ಗ್ಯಾಸು ಉರಿದು ಖರ್ಚಾಗುವುದಿಲ್ಲ. ಬೇಗ ಬೇಗ ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿಗಾಳಿ ಬಂದರೆ ಮುಂದಿನ ಫ್ಯಾನು ತಿರುಗುತ್ತಿದೆಯೇ ನೋಡಿಸಿ.

ಎ.ಸಿ. ಹಾಕಿದಾಗ ಮುಗ್ಗಲು ವಾಸನೆ ಬಂದರೆ ಒಳಗೆ ತೇವ ನಿಂತು ಬೂಷ್ಟು ಹಿಡಿದಿದೆ. ಊರು ಮುಟ್ಟುವ ಐದು ನಿಮಿಷ ಮೊದಲು ಎ.ಸಿ. ಆರಿಸಿ ಬರೀ ಫ್ಯಾನು ಓಡಿಸಿದರೆ ಒಳಗೆ ಒಣಗುತ್ತದೆ. ಕಾಲ ಕೆಳಗಿನ ಚಾಪೆ ಒದ್ದೆಯಾದರೆ ಮುಟ್ಟಿ ಮೂಸಿ. ಬರೀ ನೀರಾದರೆ ಎ.ಸಿ. ನೀರು ಹೋಗುವ ಕೊಳವೆ ಕಟ್ಟಿದೆ. ಜಿಗುಟಾಗಿ ಸಿಹಿವಾಸನೆ ಇದ್ದರೆ ಹೀಟರೇ ಸೋರುತ್ತಿದೆ, ತಡಮಾಡಬೇಡಿ.

ನಮ್ಮ ಬಯಲುಸೀಮೆಯಲ್ಲಿ ಹೀಟರ್ ಯಾಕೆ ಅನ್ನಬೇಡಿ. ಮಳೆಗಾಲದಲ್ಲಿ ಮಡಿಕೇರಿ, ಮೂಡಿಗೆರೆ ಕಡೆ ಹೋದಾಗ ಮುಂದಿನ ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ. ಆಗ ಎ.ಸಿ. ಹಾಕಿ, ಜೊತೆಗೇ ಬಿಸಿಯ ಕಡೆ ತಿರುಗಿಸಿ, ಹೊರಗಾಳಿ ಬರುವಂತೆ ಮಾಡಿ ಗಾಜಿನ ಕಡೆಗೆ ಬಿಡಿ. ಎ.ಸಿ. ತೇವ ಹೀರುತ್ತದೆ, ಬಿಸಿ ಗಾಜನ್ನು ಒಣಗಿಸುತ್ತದೆ. ಆದರೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟು ಎ.ಸಿ.ಯಲ್ಲೋ ಹೀಟರಿನಲ್ಲೋ ಮಲಗುವುದು ಬೇಡವೇ ಬೇಡ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ತಿಂಗಳಿಗೊಮ್ಮೆ ಹತ್ತು ನಿಮಿಷ

ನಾನು ಅಮಾವಾಸ್ಯೆಯ ದಿನ ಕಾರಿಗೆ ನಿಂಬೆಹಣ್ಣು ಇಡುವ ಮೊದಲು ಈ ಕೆಲಸ ಮಾಡುತ್ತೇನೆ. ಎಂಜಿನ್ ತಣ್ಣಗಿರುವಾಗ ಕೂಲೆಂಟಿನ ಡಬ್ಬಿ ನೋಡುವುದು. ಒಳಗಿನ ಮಟ್ಟ ‘ಮಿನ್’, ‘ಮ್ಯಾಕ್ಸ್’ ಗೆರೆಗಳ ನಡುವೆ ಇರಬೇಕು. ಪದೇ ಪದೇ ಕಡಿಮೆಯಾದರೆ ತುಂಬಿ ಸುಮ್ಮನಾಗದೆ ಗ್ಯಾರೇಜಿಗೆ ಹೇಳುವುದು. ರಬ್ಬರ್ ಕೊಳವೆಗಳು ಉಬ್ಬಿವೆಯೇ, ಬಿರುಕು ಬಿಟ್ಟಿವೆಯೇ ಎಂದು ನೋಡುವುದು. ಮುಂದಿನ ಜಾಲರಿಗೆ ಸಿಕ್ಕ ಎಲೆ ತೆಗೆಯುವುದು. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸುವುದು, ಒಳಗಿನ ಸೀಲುಗಳು ಒಣಗದಿರಲಿ ಎಂದು. ಪ್ರಯಾಣಕ್ಕೆ ಬುತ್ತಿ ಕಟ್ಟುವಾಗ ಕುಡಿಯುವುದಕ್ಕಲ್ಲದೆ ಐದು ಲೀಟರ್ ನೀರಿನ ಕ್ಯಾನು, ಒಂದು ದಪ್ಪ ಟವೆಲ್ಲು ಡಿಕ್ಕಿಯಲ್ಲಿಡುವುದು.

ಇದಾದ ಮಾರನೇ ವರ್ಷ, ಅಂದರೆ 2024ರಲ್ಲಿ ಮತ್ತೆ ಅದೇ ಘಾಟಿ ಹತ್ತಿದೆವು. ಅರ್ಧ ದಾರಿಯಲ್ಲಿ ಮುಳ್ಳು ಮಧ್ಯ ದಾಟಿತು. ‘ರೀ, ಎ.ಸಿ. ಆರಿಸ್ತೀನಿ’ ಎಂದೆ. ಯಜಮಾನರು ಒಂದು ಸಲ ನನ್ನ ಮುಖ ನೋಡಿ, ಏನೂ ಅನ್ನದೆ ಗೇರು ಇಳಿಸಿ ನಿಧಾನ ಮಾಡಿದರು. ಅಗಲವಾದ ಜಾಗ ಸಿಕ್ಕ ಕಡೆ ನಿಲ್ಲಿಸಿ, ಬಾನೆಟ್ ಎತ್ತಿ, ಎಲ್ಲರೂ ಕಣಿವೆ ನೋಡುತ್ತಾ ಕೂತೆವು. ಆರಿದ ಮೇಲೆ ನೋಡಿದರೆ ಕೂಲೆಂಟ್ ಸರಿಯಾಗಿತ್ತು, ಮುಂದಿನ ಜಾಲರಿಗೆ ಮಾತ್ರ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡಿತ್ತು! ಮೈದುನನೇ ತೆಗೆದು ಬಿಸಾಡಿದ. ಮುಚ್ಚಳದ ಹತ್ತಿರ ಕೈ ಒಯ್ಯಲಿಲ್ಲ. ಕೊಟ್ಟಿಗೆಹಾರ ತಲುಪಿ ಬಿಸಿಬಿಸಿ ನೀರುದೋಸೆ ತಿಂದು ಮನೆ ಸೇರಿದೆವು. ಖರ್ಚಾದದ್ದು ದೋಸೆಯ ದುಡ್ಡು ಮಾತ್ರ.

ಸೋದರಿಯರೇ, ಕಾರು ಬಿಡಲು ಬರಲಿ, ಬಾರದಿರಲಿ, ಪಕ್ಕದ ಸೀಟಿನಲ್ಲಿ ಕೂತವರಿಗೂ ಆ ಮುಳ್ಳು ಕಾಣುತ್ತದೆ. ಅಂಗಳದ ಕಲೆ ಎಲ್ಲರಿಗಿಂತ ಮೊದಲು ನಮಗೇ ಕಾಣುತ್ತದೆ. ಕಂಡದ್ದನ್ನು ಹೇಳಿಬಿಡಿ. ನಕ್ಕರೆ ನಗಲಿ. ನಗು ಒಂದು ಗಳಿಗೆ, ಸುಟ್ಟ ಕಲೆ ಜನ್ಮವಿಡೀ.